ಚಿತ್ರಕಥೆಯ ಜಾಲತಾಣವೂ ಅದನ್ನು ನಡೆಸುವ ಸಣ್ಣ ಸ್ಕ್ರಿಪ್ಟೂ

ಭಿತ್ತಿಪತ್ರಿಕೆಯನ್ನು ಕಾಣದ ಕಾಲೇಜು ವಿದ್ಯಾರ್ಥಿಗಳು ವಿರಳ. ಗ್ರಂಥಾಲಯದ ಬಾಗಿಲ ಬಳಿ ಗಾಜಿನ ಚೌಕಟ್ಟೊಂದಿರುತ್ತದೆ. ಅದರೊಳಗೆ ವಾರಕ್ಕೊಂದು ಕವಿತೆ, ಒಂದು ಲೇಖನ, ಒಂದು ಚಿತ್ರ. ಸೋಮವಾರ ಹೊಸ ಹಾಳೆ ಬಂದರೆ ಹಳೆಯ ಹಾಳೆ ಕಪಾಟಿನ ಪಾಲು, ಕೆಲವು ವರ್ಷಗಳ ಮೇಲೆ ಗೆದ್ದಲಿನ ಪಾಲು. ಸಿಂಧನೂರು, ಮಸ್ಕಿ, ಲಿಂಗಸೂಗೂರುಗಳ ಸೀಮೆಯಲ್ಲಿ ಭೌತವಿಜ್ಞಾನವನ್ನು ಬೋಧಿಸುವ ನಾವು ಹೀಗೆ ಹಾಳಾದ ಒಳ್ಳೆಯ ಚಿತ್ರಗಳನ್ನು ಕಂಡು ಹಲವು ಸಲ ವ್ಯಸನಪಟ್ಟಿದ್ದೇವೆ.

ಒಮ್ಮೆ ಒಬ್ಬ ವಿದ್ಯಾರ್ಥಿ ನಾಲ್ಕು ಚೌಕಗಳ ಚಿತ್ರಕಥೆಗಳನ್ನು ವಾರವಾರವೂ ಬರೆಯತೊಡಗಿದ. ಕಾಲುವೆಯ ನೀರು ರಬ್ಬರು ಕೊಳವೆಯೊಳಗೆ ಏರಿಯನ್ನು ಹತ್ತಿ ಹೊಲಕ್ಕೆ ಇಳಿಯುವುದು ಹೇಗೆಂದು ಅಜ್ಜನೂ ಮೊಮ್ಮಗಳೂ ಮಾತನಾಡಿಕೊಳ್ಳುವ ಅವನ ಚಿತ್ರ, ನಮ್ಮ ಒಂದು ಗಂಟೆಯ ಪಾಠಕ್ಕಿಂತ ಚೆನ್ನಾಗಿ ಸೈಫನ್ನಿನ ತತ್ತ್ವವನ್ನು ತಿಳಿಸಿತು. ಗೆಳೆಯರ ಒತ್ತಾಯದಿಂದ ಅವನು ಈ ಚಿತ್ರಗಳಿಗಾಗಿ ಒಂದು ಜಾಲತಾಣವನ್ನು ತೆರೆದ. ಪ್ರತಿಯೊಂದು ಪುಟವನ್ನೂ ತಾನೇ ಕೈಯಿಂದ ಬರೆದು ಏರಿಸುತ್ತಿದ್ದ. ಪರೀಕ್ಷೆಗಳು ಬಂದುವು, ಎರಡು ವಾರ ತಪ್ಪಿತು. ಅವಸರದಲ್ಲಿ ಏರಿಸಿದ ಒಂದು ಪುಟದ ‘ಮುಂದಿನದು’ ಎಂಬ ಕೊಂಡಿ ಎಲ್ಲಿಗೂ ಹೋಗದಾಯಿತು. ಪದವಿ ಮುಗಿಸಿ ಅವನು ಬೇರೆ ಊರಿಗೆ ಹೋದ ಮೇಲೆ ತಾಣವನ್ನು ನಡೆಸಲು ಯಾರಿಗೂ ತಿಳಿಯಲಿಲ್ಲ. ಗೋಡೆಯ ಹಾಳೆಗೆ ಗೆದ್ದಲು ಹೇಗೋ ಜಾಲತಾಣಕ್ಕೆ ಇಂಥ ಅವ್ಯವಸ್ಥೆ ಹಾಗೆ.

ಈ ನಷ್ಟವನ್ನು ತಪ್ಪಿಸಲು ಹಣ ಬೇಕಿಲ್ಲ. ಮೂವತ್ತು ನಾಲ್ವತ್ತು ಸಾಲುಗಳ ಒಂದು ಸ್ಕ್ರಿಪ್ಟು ಸಾಕು. ಅದು ಹೇಗೆಂಬುದನ್ನು ಈಗ ವಿಚಾರಿಸೋಣ.

ಸ್ಕ್ರಿಪ್ಟು ಎಂದರೇನು?

ಗಣಕಯಂತ್ರವು ಒಂದಾದ ಮೇಲೊಂದರಂತೆ ನಡೆಸಬೇಕಾದ ಆಜ್ಞೆಗಳನ್ನು ಬರೆದಿಟ್ಟ ಸಣ್ಣ ಬರಹವೇ ಸ್ಕ್ರಿಪ್ಟು. ಮದುವೆಯ ಮನೆಯಲ್ಲಿ ಹಿರಿಯರು ಬರೆದಿಡುವ ಕೆಲಸದ ಪಟ್ಟಿಗೂ ಅದಕ್ಕೂ ಬಹಳ ಭೇದವಿಲ್ಲ. ಪಟ್ಟಿಯನ್ನು ಓದುವ ಮನುಷ್ಯನು ಬರೆಯದೆ ಬಿಟ್ಟುದನ್ನು ತನ್ನ ವಿವೇಕದಿಂದ ತುಂಬಿಕೊಳ್ಳುತ್ತಾನೆ, ಯಂತ್ರಕ್ಕೆ ವಿವೇಕವಿಲ್ಲ. ಆದುದರಿಂದ ಬರೆಯುವವನು ಎಲ್ಲವನ್ನೂ ಮೊದಲೇ ಆಲೋಚಿಸಬೇಕು.

ಈ ಬಗೆಯ ಬರಹಕ್ಕೆ ತಕ್ಕ ಸುಲಭ ಭಾಷೆಗಳು ಹಲವು ಇವೆ. ಲ್ಯಾರಿ ವಾಲ್ 1987ರಲ್ಲಿ ಹೊರತಂದ ಪರ್ಲ್, ಗೀಡೊ ವಾನ್ ರೋಸಮ್ 1991ರಲ್ಲಿ ಹೊರತಂದ ಪೈಥಾನ್, ರಾಸ್ಮಸ್ ಲೆರ್ಡಾರ್ಫ್ 1995ರಲ್ಲಿ ಬಿಡುಗಡೆ ಮಾಡಿದ ಪಿ.ಎಚ್.ಪಿ. ಇವುಗಳಲ್ಲಿ ಪ್ರಸಿದ್ಧವಾದುವು. ಮೂರನ್ನೂ ಯಾರು ಬೇಕಾದರೂ ಬೆಲೆಯಿಲ್ಲದೆ ಪಡೆಯಬಹುದು. ಡೇವಿಡ್ ಫಾರ್ಲಿ ಎಂಬವರು ‘ಡಾಕ್ಟರ್ ಫನ್’ ಎಂಬ ವ್ಯಂಗ್ಯಚಿತ್ರಮಾಲೆಯನ್ನು ಜಾಲದಲ್ಲಿ ಆರಂಭಿಸಿದ್ದು 1993ರಲ್ಲಿ. ಅಂದಿನಿಂದ ಇಂದಿನವರೆಗೆ ಜಾಲದ ಚಿತ್ರಕಥೆಗಾರರಲ್ಲಿ ಬಹುಮಂದಿ ಇಂಥ ಸಣ್ಣ ಸ್ಕ್ರಿಪ್ಟುಗಳನ್ನು ನಂಬಿಯೇ ತಮ್ಮ ಕೆಲಸವನ್ನು ನಡೆಸಿಕೊಂಡು ಬಂದಿದ್ದಾರೆ.

ಮೂರು ಊರು, ಮೂರು ಪುಟ

ಕೈಯಿಂದ ಪುಟ ಬರೆಯುವುದರಲ್ಲಿ ತೊಡಕೇನು? ಲಿಂಗಸೂಗೂರು, ಮಸ್ಕಿ, ಸಿಂಧನೂರು ಈ ಮೂರೂ ಒಂದೇ ಹೆದ್ದಾರಿಯ ಮೇಲೆ ಇದೇ ಕ್ರಮದಲ್ಲಿವೆಯಷ್ಟೆ. ಪ್ರತಿಯೊಂದು ಊರಿನಲ್ಲಿಯೂ ‘ಹಿಂದಿನ ಊರು’, ‘ಮುಂದಿನ ಊರು’ ಎಂಬ ಎರಡು ಫಲಕಗಳಿವೆಯೆಂದು ಭಾವಿಸೋಣ. ಮಸ್ಕಿಯ ಫಲಕಗಳಲ್ಲಿ ಒಂದು ಲಿಂಗಸೂಗೂರನ್ನೂ ಇನ್ನೊಂದು ಸಿಂಧನೂರನ್ನೂ ತೋರಿಸುತ್ತವೆ. ನಮ್ಮ ಪಯಣ ಲಿಂಗಸೂಗೂರಿನಿಂದ ಹೊರಟಿತೆಂದರೆ ಅಲ್ಲಿ ‘ಹಿಂದಿನ ಊರು’ ಇಲ್ಲ. ಸಿಂಧನೂರಿನಲ್ಲಿ ಮುಗಿಯಿತೆಂದರೆ ಅಲ್ಲಿ ‘ಮುಂದಿನ ಊರು’ ಇಲ್ಲ.

ಈಗ ಪಯಣವನ್ನು ಸಿರುಗುಪ್ಪದವರೆಗೆ ಬೆಳೆಸೋಣ. ಸಿರುಗುಪ್ಪದಲ್ಲಿ ಹೊಸ ಫಲಕ ನೆಟ್ಟರಷ್ಟೇ ಸಾಲದು. ಸಿಂಧನೂರಿಗೆ ಹಿಂದಿರುಗಿ ಅಲ್ಲಿಯೂ ಒಂದು ಫಲಕವನ್ನು ಬರೆಯಬೇಕು. ನಡುವೆ ಒಂದು ಹಳ್ಳಿಯನ್ನು ಸೇರಿಸಿದರಂತೂ ಅದರ ಎರಡು ಪಕ್ಕದ ಊರುಗಳ ಫಲಕಗಳನ್ನೂ ತಿದ್ದಬೇಕು.

ಚಿತ್ರಕಥೆಯ ತಾಣದಲ್ಲಿಯೂ ಹೀಗೆಯೇ. ಹೊಸ ಚಿತ್ರವೊಂದು ಬಂದಾಗ ಹೊಸ ಪುಟವನ್ನು ಬರೆಯಬೇಕು, ಹಳೆಯ ಕೊನೆಯ ಪುಟಕ್ಕೆ ‘ಮುಂದಿನದು’ ಎಂಬ ಕೊಂಡಿಯನ್ನು ಹಾಕಬೇಕು, ಮುಖಪುಟವನ್ನು ಬದಲಿಸಬೇಕು, ಚಿತ್ರಗಳ ಪಟ್ಟಿಯಲ್ಲಿ ಒಂದು ಸಾಲನ್ನು ಕೂಡಿಸಬೇಕು. ಒಂದು ಚಿತ್ರಕ್ಕೆ ನಾಲ್ಕು ಕಡೆ ಕೈಯಾಡಿಸಿದಂತಾಯಿತು. ವರ್ಷಕ್ಕೆ 40 ಚಿತ್ರಗಳಾದರೆ ಹೆಚ್ಚು ಕಡಿಮೆ 160 ಸಲ. ನೂರಕ್ಕೊಂದು ತಪ್ಪು ಮಾಡುವ ಎಚ್ಚರಿಕೆಯ ವಿದ್ಯಾರ್ಥಿಯೂ ವರ್ಷದಲ್ಲಿ ಒಂದೆರಡು ಕೊಂಡಿಗಳನ್ನು ಕೆಡಿಸಿಯೇ ತೀರುವನು. ಪುಟಗಳ ತಲೆಬರಹವನ್ನು ಬದಲಿಸಬೇಕಾಗಿ ಬಂದರೆ ನಲವತ್ತು ಪುಟಗಳನ್ನೂ ಮತ್ತೆ ತೆರೆದು ತಿದ್ದಬೇಕು.

ಸ್ಕ್ರಿಪ್ಟು ಫಲಕಗಳನ್ನು ತಿದ್ದುತ್ತ ಕೂರುವುದಿಲ್ಲ. ಊರುಗಳ ಪಟ್ಟಿಯೊಂದನ್ನು ಕೈಯಲ್ಲಿ ಹಿಡಿದು, ಎಲ್ಲ ಫಲಕಗಳನ್ನೂ ಪ್ರತಿಸಲವೂ ಹೊಸದಾಗಿಯೇ ಬರೆದುಬಿಡುತ್ತದೆ. ಮನುಷ್ಯನಿಗೆ ಇದು ದಂಡದ ಕೆಲಸವೆನಿಸಬಹುದು. ಯಂತ್ರಕ್ಕೆ ನೂರಾರು ಪುಟಗಳಾದರೂ ಕ್ಷಣಮಾತ್ರದ ಕೆಲಸ.

ಇಲ್ಲೊಂದು ಸಂದೇಹ ಹುಟ್ಟಬಹುದು. ಚಿತ್ರಗಳಿಗೆ 1, 2, 3 ಎಂದು ಸಂಖ್ಯೆ ಕೊಟ್ಟು, ಈಗಿನ ಸಂಖ್ಯೆಗೆ ಒಂದನ್ನು ಕೂಡಿಸಿದರೆ ಮುಂದಿನದು, ಕಳೆದರೆ ಹಿಂದಿನದು ಎಂದರೆ ಸಾಲದೆ? ಭೌತವಿಜ್ಞಾನದ ಪದವೀಧರರಾದ ರ‍್ಯಾಂಡಲ್ ಮನ್ರೋ 2005ರಲ್ಲಿ ಆರಂಭಿಸಿದ ‘ಎಕ್ಸ್ ಕೆ ಸಿ ಡಿ’ ಎಂಬ ಜಗತ್ಪ್ರಸಿದ್ಧ ಚಿತ್ರಮಾಲೆಯಲ್ಲಿ ಚಿತ್ರಗಳಿಗೆ ಇಂಥ ಕ್ರಮಸಂಖ್ಯೆಗಳೇ ಇವೆ. ಆದರೆ ಅದರಲ್ಲಿ 404ನೆಯ ಚಿತ್ರವೇ ಇಲ್ಲ! ಕೇಳಿದ ಪುಟ ಸಿಗದಿದ್ದಾಗ ಸರ್ವರು ಹೇಳುವ ಸಂಕೇತಸಂಖ್ಯೆ 404. ಆ ಸಂಖ್ಯೆಯ ಪುಟವನ್ನು ಬೇಕೆಂದೇ ಬಿಟ್ಟು ಮನ್ರೋ ವಿನೋದ ಮಾಡಿದ್ದಾರೆ. 403ಕ್ಕೆ ಒಂದನ್ನು ಕೂಡಿಸಿ ಮುಂದೆ ಹೋಗುವ ಸ್ಕ್ರಿಪ್ಟು ಅಲ್ಲಿಗೆ ಬಂದು ಮುಗ್ಗರಿಸುತ್ತದೆ. ‘ಮುಂದಿನದು’ ಎಂಬುದು ಒಂದು ಹೆಚ್ಚಿನ ಸಂಖ್ಯೆಯಲ್ಲ, ಪಟ್ಟಿಯಲ್ಲಿ ನಿಜವಾಗಿ ಮುಂದಿರುವ ವಸ್ತು ಎಂಬ ಪಾಠವನ್ನು ಈ ವಿನೋದವು ಕಲಿಸುತ್ತದೆ.

ಹೆಸರಿನಲ್ಲೇ ದಿನಾಂಕ

ಹಾಗಾದರೆ ಪಟ್ಟಿಯನ್ನು ಯಂತ್ರವು ಎಲ್ಲಿಂದ ಪಡೆಯಬೇಕು? ಅತ್ಯಂತ ಸರಳವಾದ ಉಪಾಯವೆಂದರೆ ಚಿತ್ರದ ಕಡತಕ್ಕೆ ಪ್ರಕಟವಾಗಬೇಕಾದ ದಿನಾಂಕವನ್ನೇ ಹೆಸರಾಗಿಡುವುದು. ಆದರೆ ನಾವು ಪತ್ರದ ಮೇಲೆ ಬರೆಯುವ ರೀತಿಯಲ್ಲಿ ಬರೆದರೆ ಕೆಡುಕಾಗುತ್ತದೆ. ಯಂತ್ರವು ಹೆಸರುಗಳನ್ನು ನಿಘಂಟಿನ ಕ್ರಮದಲ್ಲಿ, ಎಡದಿಂದ ಒಂದೊಂದೇ ಅಕ್ಷರವನ್ನು ಹೋಲಿಸಿ ಜೋಡಿಸುತ್ತದೆ. 10-12-2025 ಮತ್ತು 05-01-2026 ಎಂಬ ಎರಡು ಹೆಸರುಗಳಲ್ಲಿ ಮೊದಲ ಅಂಕಿಯಾದ 0 ಎಂಬುದು 1ಕ್ಕಿಂತ ಮೊದಲು ಬರುವುದರಿಂದ, ಜನವರಿಯ ಚಿತ್ರವು ಅದರ ಹಿಂದಿನ ಡಿಸೆಂಬರಿನ ಚಿತ್ರಕ್ಕಿಂತ ಮುಂಚೆ ಕುಳಿತುಬಿಡುತ್ತದೆ.

ವರ್ಷವನ್ನು ಮೊದಲು, ತಿಂಗಳನ್ನು ಅನಂತರ, ದಿನವನ್ನು ಕೊನೆಗೆ ಬರೆದರೆ ಈ ತೊಂದರೆಯಿಲ್ಲ: 2025-12-10, 2026-01-05. ಸಾವಿರ, ನೂರು, ಹತ್ತು, ಬಿಡಿ ಎಂದು ದೊಡ್ಡ ಸ್ಥಾನವನ್ನು ಎಡಕ್ಕೆ ಬರೆಯುವ ನಮ್ಮ ಸಂಖ್ಯಾಪದ್ಧತಿಯ ತತ್ತ್ವವೇ ಇಲ್ಲಿಯೂ ಇದೆ. 1988ರಲ್ಲಿ ಪ್ರಕಟವಾದ ಐ.ಎಸ್.ಒ. 8601 ಎಂಬ ಅಂತರರಾಷ್ಟ್ರೀಯ ಮಾನಕವು ಇದೇ ಕ್ರಮವನ್ನು ವಿಧಿಸುತ್ತದೆ. ಜನವರಿಯನ್ನು 1 ಎಂದಲ್ಲ, 01 ಎಂದೇ ಬರೆಯತಕ್ಕದ್ದು. ಇಲ್ಲವಾದರೆ 1, 10, 11, 12, 2 ಎಂದು ತಿಂಗಳುಗಳು ಅಡ್ಡಾದಿಡ್ಡಿಯಾಗುವುವು.

ಅಚ್ಚು ಮತ್ತು ಎರಕ

ಬೆಲ್ಲದ ಅಚ್ಚುಗಳನ್ನು ವಾಚಕರು ಕಂಡಿರಬಹುದು. ಅಚ್ಚು ಒಂದೇ, ಹೊರಬರುವ ಉಂಡೆಗಳು ಹಲವು. ನಮ್ಮ ತಾಣಕ್ಕೂ ಅಂಥ ಒಂದು ಅಚ್ಚು ಪುಟವನ್ನು ಬರೆದುಕೊಳ್ಳಬೇಕು. ಅದರಲ್ಲಿ ತಲೆಬರಹ, ಬಣ್ಣ, ಅಡಿಬರಹಗಳೆಲ್ಲ ಸ್ಥಿರವಾಗಿರುತ್ತವೆ. ಚಿತ್ರ, ಶೀರ್ಷಿಕೆ, ಮಾತುಗಳು, ಹಿಂದಿನದು, ಮುಂದಿನದು ಎಂಬ ಐದು ಕಡೆ ಮಾತ್ರ ಗುರುತು ಹಾಕಿ ಖಾಲಿ ಬಿಟ್ಟಿರುತ್ತದೆ. ಸ್ಕ್ರಿಪ್ಟಿನ ಕೆಲಸವು ಈ ಕ್ರಮದಲ್ಲಿ ನಡೆಯುತ್ತದೆ:

1. ಚಿತ್ರಗಳನ್ನಿಟ್ಟ ಫೋಲ್ಡರಿನಲ್ಲಿರುವ ಹೆಸರುಗಳನ್ನೆಲ್ಲ ಓದು.
2. ಇಂದಿನ ದಿನಾಂಕಕ್ಕಿಂತ ಮುಂದಿನ ದಿನಾಂಕವುಳ್ಳವನ್ನು ಬಿಡು.
3. ಉಳಿದವನ್ನು ಹೆಸರಿನ ಕ್ರಮದಲ್ಲಿ ಜೋಡಿಸು.
4. ಪ್ರತಿಯೊಂದು ಚಿತ್ರಕ್ಕೂ ಅಚ್ಚಿನ ಒಂದು ಪ್ರತಿಯನ್ನು ತೆಗೆದು ಖಾಲಿ ಸ್ಥಳಗಳನ್ನು ತುಂಬು. ಮೊದಲನೆಯದಕ್ಕೆ ‘ಹಿಂದಿನದು’ ಬೇಡ. ಕೊನೆಯದಕ್ಕೆ ‘ಮುಂದಿನದು’ ಬೇಡ.
5. ಕೊನೆಯ ಪುಟವನ್ನೇ ಮುಖಪುಟವೆಂದೂ ಉಳಿಸು.
6. ಎಲ್ಲ ಶೀರ್ಷಿಕೆಗಳ ಪಟ್ಟಿಯೊಂದನ್ನು ಬರೆ.
7. ಇವೆಲ್ಲ ಹೊಸ ಫೋಲ್ಡರೊಂದರಲ್ಲಿ ಪೂರ್ತಿಯಾದ ಮೇಲೆ ಮಾತ್ರ ಹಳೆಯದರ ಸ್ಥಾನದಲ್ಲಿ ಹೊಸದನ್ನಿಡು.

ಎರಡನೆಯ ಆಜ್ಞೆಯನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಪರೀಕ್ಷೆಗೆ ಮೊದಲೇ ಆರು ವಾರಗಳ ಚಿತ್ರಗಳನ್ನು ಬರೆದು ದಿನಾಂಕ ಹಾಕಿಟ್ಟರೆ, ಅವು ತಮ್ಮ ತಮ್ಮ ಸೋಮವಾರಗಳಂದು ತಾವಾಗಿಯೇ ಹೊರಬರುತ್ತವೆ. ಆದರೆ ಮುಂದಿನ ಚಿತ್ರಗಳು ಸಾರ್ವಜನಿಕರಿಗೆ ತೆರೆದ ಫೋಲ್ಡರಿನಲ್ಲಿರಬಾರದು. ಇದ್ದರೆ ದಿನಾಂಕವನ್ನು ಊಹಿಸಿ ಯಾರಾದರೂ ಮುಂಚೆಯೇ ನೋಡಿಬಿಡುತ್ತಾರೆ. ಸಮಯ ಬಂದುದನ್ನು ಮಾತ್ರ ಸ್ಕ್ರಿಪ್ಟು ನಕಲು ಮಾಡಿ ಹೊರಗಿಡಬೇಕು. ಏಳನೆಯ ಆಜ್ಞೆಗೂ ಕಾರಣವಿದೆ. ಕೆಲಸದ ನಡುವೆ ವಿದ್ಯುತ್ತು ನಿಂತುಹೋದರೆ ಅರೆಬೆಂದ ತಾಣವು ಜನರ ಕಣ್ಣಿಗೆ ಬೀಳಬಾರದಷ್ಟೆ. ಎಷ್ಟು ಸಲ ನಡೆಸಿದರೂ ಫಲ ಒಂದೇ ಆಗಿರಬೇಕೆಂಬುದು ಒಳ್ಳೆಯ ಸ್ಕ್ರಿಪ್ಟಿನ ಲಕ್ಷಣ.

ಓದುಗರು ಕೇಳಿದಾಗಲೆಲ್ಲ ಸರ್ವರೇ ಪುಟವನ್ನು ಕಟ್ಟಿಕೊಡುವ ಇನ್ನೊಂದು ಪದ್ಧತಿಯೂ ಉಂಟು. 1993ರಲ್ಲಿ ಬಳಕೆಗೆ ಬಂದ ಸಿ.ಜಿ.ಐ. ಎಂಬ ಏರ್ಪಾಟು ಇದಕ್ಕೆ ದಾರಿ ಮಾಡಿತು. ಅದರಲ್ಲಿ ನೂರು ಮಂದಿ ಬಂದರೆ ನೂರು ಸಲ ಅಡಿಗೆ. ನಮ್ಮದರಲ್ಲಿ ಒಮ್ಮೆ ಬೇಯಿಸಿ ನೂರು ಮಂದಿಗೆ ಬಡಿಸಿದಂತೆ. ವಾರಕ್ಕೊಮ್ಮೆ ಮಾತ್ರ ಬದಲಾಗುವ ಚಿತ್ರಕಥೆಗೆ ಎರಡನೆಯದೇ ಮೇಲು. ಇಂಥ ಸಿದ್ಧಪುಟಗಳನ್ನು ಉಚಿತವಾಗಿ ಇಟ್ಟುಕೊಡುವ ಸಂಸ್ಥೆಗಳೂ ಇವೆ.

ಐದೂವರೆ ಗಂಟೆಯ ಅಂತರ

ಸ್ಕ್ರಿಪ್ಟನ್ನು ಸೋಮವಾರ ಮುಂಜಾನೆ ಎಬ್ಬಿಸುವವರಾರು? ಯುನಿಕ್ಸ್ ಮಾದರಿಯ ಯಂತ್ರಗಳಲ್ಲಿ ‘ಕ್ರಾನ್’ ಎಂಬ ಕಾವಲುಗಾರನಿದ್ದಾನೆ. ಅವನಿಗೆ ಐದು ಅಂಶಗಳನ್ನು ಬರೆದುಕೊಡಬೇಕು: ನಿಮಿಷ, ಗಂಟೆ, ತಿಂಗಳ ದಿನ, ತಿಂಗಳು, ವಾರ. ‘ಯಾವುದಾದರೂ ಸರಿ’ ಎಂಬುದಕ್ಕೆ ನಕ್ಷತ್ರದ ಗುರುತು. ವಾರಗಳಲ್ಲಿ ಭಾನುವಾರ 0, ಸೋಮವಾರ 1. ಆದುದರಿಂದ ‘0 6 * * 1’ ಎಂದರೆ ಪ್ರತಿ ಸೋಮವಾರ ಬೆಳಗಿನ ಆರು ಗಂಟೆ ಎಂದರ್ಥ.

ಆದರೆ ಯಾರ ಆರು ಗಂಟೆ? ಸರ್ವರುಗಳಲ್ಲಿ ಹಲವು ಸಾರ್ವತ್ರಿಕ ಕಾಲಮಾನವನ್ನು ಅನುಸರಿಸುತ್ತವೆ. ಭಾರತದ ಕಾಲಮಾನವು ಪೂರ್ವ ರೇಖಾಂಶ 82.5 ಡಿಗ್ರಿಗೆ ಸೇರಿದುದು. ಭೂಮಿಯು ಗಂಟೆಗೆ 15 ಡಿಗ್ರಿ ತಿರುಗುವುದರಿಂದ 82.5ನ್ನು 15ರಿಂದ ಭಾಗಿಸಿದರೆ 5.5, ಎಂದರೆ ನಾವು ಐದೂವರೆ ಗಂಟೆ ಮುಂದೆ. ಮೇಲಿನಂತೆ ಬರೆದರೆ ನಮ್ಮ ಚಿತ್ರವು ಹಗಲು ಹನ್ನೊಂದೂವರೆಗೆ ಹೊರಬೀಳುತ್ತದೆ. ನಮ್ಮ ಆರು ಗಂಟೆಗೆ ಬೇಕಾದರೆ ‘30 0 * * 1’ ಎಂದು ಬರೆಯಬೇಕು. ನಮ್ಮ ನಾಲ್ಕು ಗಂಟೆಗೆ ಬೇಕೆಂದರೆ ವಾರವೇ ಬದಲಾಗುತ್ತದೆ: ಆಗ ಅಲ್ಲಿ ಭಾನುವಾರ ರಾತ್ರಿ ಹತ್ತೂವರೆ, ‘30 22 * * 0’ ಎಂದಾಗಬೇಕು. ಅಲ್ಲದೆ, ಎರಡನೆಯ ಆಜ್ಞೆಯಲ್ಲಿರುವ ‘ಇಂದಿನ ದಿನಾಂಕ’ವೂ ಭಾರತದ ದಿನಾಂಕವೇ ಆಗಿರಬೇಕು. ಇಲ್ಲವಾದರೆ ಅಲ್ಲಿನ ಭಾನುವಾರಕ್ಕೆ ಸೋಮವಾರದ ಚಿತ್ರವು ‘ಮುಂದಿನ ದಿನದ್ದು’ ಎಂದು ತೋರಿ ಒಳಗೇ ಉಳಿದುಹೋಗುತ್ತದೆ.

ಕನ್ನಡದ ಮಾತು, ಕನ್ನಡದ ಹೆಸರು

ಕನ್ನಡಕ್ಕೂ ಚಿತ್ರಕಥೆಗೂ ನಂಟು ಹಳೆಯದು. ‘ಅಮರ ಚಿತ್ರ ಕಥಾ’ ಎಂಬ ಹೆಸರಿನ ಪುಸ್ತಕಗಳು 1965ರಲ್ಲಿ ಬೆಂಗಳೂರಿನಿಂದ ಮೊದಲು ಹೊರಬಂದುದು ಕನ್ನಡದಲ್ಲಿ ಎಂಬುದು ಬಹುಮಂದಿಗೆ ತಿಳಿಯದು. ಆ ಮಾಲೆಯನ್ನು ದೇಶದ ಮನೆಮಾತಾಗಿ ಮಾಡಿದ ಅನಂತ ಪೈ ನಮ್ಮ ಕಾರ್ಕಳದಲ್ಲಿ ಹುಟ್ಟಿದವರು.

ಜಾಲದಲ್ಲಿ ಕನ್ನಡವನ್ನು ಬಳಸುವಾಗ ಎರಡು ಸಂಗತಿಗಳನ್ನು ನೆನಪಿಡಬೇಕು. ಕಡತದ ಹೆಸರನ್ನು ಕನ್ನಡದಲ್ಲಿಟ್ಟರೆ ತಪ್ಪೇನೂ ಇಲ್ಲ. ವಿಳಾಸ ಮಾತ್ರ ಬೆಳೆಯುತ್ತದೆ. ‘ಮಸ್ಕಿ’ ಎಂಬುದರಲ್ಲಿ ನಾವು ಎರಡು ಅಕ್ಷರಗಳನ್ನು ಎಣಿಸುತ್ತೇವೆ. ಯೂನಿಕೋಡ್ ಪದ್ಧತಿಯಲ್ಲಿ ಮ, ಸ, ವಿರಾಮ ಚಿಹ್ನೆ, ಕ, ಗುಡಿಸು ಎಂದು ಐದು ಸಂಕೇತಗಳು. ಯು.ಟಿ.ಎಫ್. 8 ಎಂಬ ಬರವಣಿಗೆಯಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ ಮೂರು ಬೈಟುಗಳು, ಒಟ್ಟು 15. ವಿಳಾಸದಲ್ಲಿ ಒಂದೊಂದು ಬೈಟನ್ನೂ ಮೂರು ಚಿಹ್ನೆಗಳಿಂದ ಬರೆಯುವುದರಿಂದ ಒಟ್ಟು 45. ಎರಡಕ್ಷರದ ಊರು ನಲವತ್ತೈದು ಚಿಹ್ನೆಗಳ ಸಾಲಾಯಿತು! ಆದುದರಿಂದ ಕಡತಕ್ಕೆ ದಿನಾಂಕವನ್ನೂ ಪುಟದೊಳಗಿನ ಶೀರ್ಷಿಕೆಗೆ ಕನ್ನಡವನ್ನೂ ಇಡುವುದು ಅನುಕೂಲ.

ಎರಡನೆಯದು ಇನ್ನೂ ಮುಖ್ಯ. ಚಿತ್ರದೊಳಗೆ ಬರೆದ ಮಾತು ಯಂತ್ರಕ್ಕೆ ಮಾತಲ್ಲ, ಬರಿಯ ಬಣ್ಣದ ಚುಕ್ಕೆಗಳು. 1000 ಚುಕ್ಕೆ ಅಗಲ, 400 ಚುಕ್ಕೆ ಎತ್ತರದ ಚಿತ್ರದಲ್ಲಿ ನಾಲ್ಕು ಲಕ್ಷ ಚುಕ್ಕೆಗಳಿದ್ದರೂ ಹುಡುಕುವವರಿಗೆ ಒಂದು ಪದವೂ ನೇರವಾಗಿ ದೊರೆಯದು. ಕಣ್ಣು ಕಾಣದವರಿಗೆ ಪುಟವನ್ನು ಓದಿ ಹೇಳುವ ಸಾಧನವೂ ಅಲ್ಲಿ ತಡವರಿಸುತ್ತದೆ. ಪ್ರತಿಯೊಂದು ಚಿತ್ರದ ಜೊತೆಗೂ ಅದೇ ದಿನಾಂಕದ ಹೆಸರಿನ ಬರಹದ ಕಡತವೊಂದನ್ನಿಟ್ಟು, ಅದರಲ್ಲಿ ಶೀರ್ಷಿಕೆ, ಬರೆದವರ ಹೆಸರು, ಪಾತ್ರಗಳ ಮಾತು ಇವನ್ನು ಯೂನಿಕೋಡ್ ಕನ್ನಡದಲ್ಲಿ ಬರೆದರೆ, ಸ್ಕ್ರಿಪ್ಟು ಅದನ್ನು ಚಿತ್ರದ ಕೆಳಗೆ ಸೇರಿಸುತ್ತದೆ.

ಪುಕ್ಕಟೆಯೂ ಸ್ವಾತಂತ್ರ್ಯವೂ

ಪರರು ಬರೆದ ಉಚಿತ ಸ್ಕ್ರಿಪ್ಟುಗಳು ಬೇಕಾದಷ್ಟು ಸಿಗುತ್ತವೆ. ಕನ್ನಡದಲ್ಲಿ ‘ಪುಕ್ಕಟೆ’ ಬೇರೆ, ‘ಸ್ವತಂತ್ರ’ ಬೇರೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದವಿರುವುದರಿಂದ ಗೊಂದಲವಾಗುತ್ತದೆ. 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ‘ಗ್ನು’ ಯೋಜನೆಯನ್ನು ಘೋಷಿಸಿದಾಗ ಕೇಳಿದುದು ಸ್ವಾತಂತ್ರ್ಯವನ್ನು: ಕ್ರಮವಿಧಿಯನ್ನು ನಡೆಸುವ, ಅದರ ಒಳಗನ್ನು ಓದುವ, ತಿದ್ದುವ, ಹಂಚುವ ಹಕ್ಕುಗಳನ್ನು. ವಿದ್ಯಾರ್ಥಿಗೆ ಇವುಗಳಲ್ಲಿ ಓದುವ ಹಕ್ಕೇ ದೊಡ್ಡದು.

ಓದದೆ ಬಳಸುವುದರ ಅಪಾಯಕ್ಕೆ ಒಂದು ನಿದರ್ಶನವುಂಟು. 1995ರಲ್ಲಿ, ಇನ್ನೂ ವಿದ್ಯಾರ್ಥಿದೆಸೆಯಲ್ಲಿದ್ದ ಮ್ಯಾಟ್ ರೈಟ್ ಎಂಬ ಅಮೆರಿಕದ ತರುಣನು ತಾನು ಬರೆದ ಸಣ್ಣ ಪರ್ಲ್ ಸ್ಕ್ರಿಪ್ಟುಗಳನ್ನು ಎಲ್ಲರಿಗೂ ಬಿಟ್ಟುಕೊಟ್ಟ. ಅಸಂಖ್ಯ ತಾಣಗಳು ಅವನ್ನು ಬಳಸಿದುವು. ಅವುಗಳಲ್ಲಿ ಒಂದಾದ ‘ಫಾರ್ಮ್‌ಮೇಲ್’, ಓದುಗರು ತುಂಬಿದ ನಮೂನೆಯನ್ನು ಅಂಚೆಯಾಗಿ ಕಳುಹಿಸುತ್ತಿತ್ತು. ಯಾರಿಗೆ ಕಳುಹಿಸಬೇಕೆಂಬ ವಿಳಾಸವನ್ನೂ ಅದು ಆ ನಮೂನೆಯಿಂದಲೇ ಪಡೆಯುತ್ತಿದ್ದುದರಿಂದ, ದುರುಳರು ತಮಗೆ ಬೇಕಾದ ವಿಳಾಸಗಳನ್ನು ತುಂಬಿ ಪರರ ಸರ್ವರುಗಳಿಂದ ಕಸದಂಚೆಯನ್ನು ಹರಡಿದರು. ಮುಂದೆ ಲಂಡನ್ನಿನ ಪರ್ಲ್ ಬಳಗದವರು ಅದೇ ಕೆಲಸವನ್ನು ಸುರಕ್ಷಿತವಾಗಿ ಮಾಡುವ ಸ್ಕ್ರಿಪ್ಟುಗಳನ್ನು ಬರೆದು ಉಚಿತವಾಗಿ ಹಂಚಿದರು. ಒಳಗು ತೆರೆದಿದ್ದುದರಿಂದಲೇ ದೋಷವನ್ನು ಕಾಣುವುದೂ ತಿದ್ದುವುದೂ ಸಾಧ್ಯವಾಯಿತು. ಹೊರಗಿನವರು ಕೊಟ್ಟ ಯಾವ ಮಾತನ್ನೂ ಪರೀಕ್ಷಿಸದೆ ನಂಬಬಾರದು, ಗುಪ್ತಪದವನ್ನು ಸ್ಕ್ರಿಪ್ಟಿನೊಳಗೆ ಬರೆಯಬಾರದು ಎಂಬ ಎರಡು ನಿಯಮಗಳನ್ನು ಪಾಲಿಸಿದರೆ ಆರಂಭಿಕನಿಗೆ ಬಹುಮಟ್ಟಿನ ರಕ್ಷಣೆ ಸಿಕ್ಕಂತೆ.

ಮಸ್ಕಿಯ ಕಲ್ಲು ಹೇಳುವುದು

1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು ಮಸ್ಕಿಯ ಬಂಡೆಯ ಮೇಲೊಂದು ಬ್ರಾಹ್ಮೀ ಶಾಸನವನ್ನು ಕಂಡರು. ಅದೇ ಅರಸನ ಶಾಸನಗಳು ದೇಶದ ಹಲವೆಡೆ ಅದಕ್ಕೆ ಮೊದಲೇ ದೊರೆತಿದ್ದುವು. ಆದರೆ ಅವುಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಿದ್ದುವೇ ಹೊರತು ಅರಸನ ಸ್ವಂತ ಹೆಸರಿರಲಿಲ್ಲ. ಮಸ್ಕಿಯ ಕಲ್ಲಿನಲ್ಲಿ ‘ಅಶೋಕ’ ಎಂಬ ಹೆಸರಿತ್ತು. ವಿದ್ವಾಂಸರು ಬೇರೆ ಆಧಾರಗಳಿಂದ ಊಹಿಸಿದ್ದುದು ಅದರಿಂದ ದೃಢಪಟ್ಟಿತು. ಒಂದೇ ಒಂದು ಹೆಸರನ್ನು ಬರೆದಿಟ್ಟುದರ ಫಲ ಅಷ್ಟು ದೊಡ್ಡದು.

ನಮ್ಮ ವಿದ್ಯಾರ್ಥಿಗಳ ಚಿತ್ರಗಳಿಗೆ ಬಂಡೆಯ ಆಯುಷ್ಯವನ್ನು ನಾವು ಬಯಸುತ್ತಿಲ್ಲ. 2009ರಲ್ಲಿ ‘ಜಿಯೋಸಿಟೀಸ್’ ಎಂಬ ಉಚಿತ ತಾಣಗಳ ಬೀಡು ಮುಚ್ಚಿದಾಗ, ಸ್ವಯಂಸೇವಕರು ಅವಸರದಲ್ಲಿ ನಕಲು ಮಾಡಿಕೊಂಡಷ್ಟು ಮಾತ್ರ ಉಳಿಯಿತು. ಉಚಿತವಾಗಿ ಸಿಕ್ಕ ಸ್ಥಳ ಶಾಶ್ವತವಲ್ಲ. ಚಿತ್ರಗಳು, ಅವುಗಳ ಬರಹದ ಕಡತಗಳು, ಅಚ್ಚು, ಸ್ಕ್ರಿಪ್ಟು ಈ ನಾಲ್ಕೂ ಒಂದು ಫೋಲ್ಡರಿನಲ್ಲಿದ್ದು, ಅದರ ಪ್ರತಿ ಬೇರೆ ಎರಡು ಕಡೆ ಇದ್ದರೆ, ತಾಣವನ್ನು ಯಾವ ಸರ್ವರಿನ ಮೇಲಾದರೂ ಒಂದು ದಿನದಲ್ಲಿ ಮತ್ತೆ ನಿಲ್ಲಿಸಬಹುದು. ಬೀಗದ ಕೈಯೊಂದಿಗೆ, ನಡೆಸುವ ಕ್ರಮವನ್ನು ಅರ್ಧ ಪುಟದಲ್ಲಿ ಬರೆದು ಕಿರಿಯ ತರಗತಿಯ ಇಬ್ಬರಿಗೆ ಒಪ್ಪಿಸಿ ಹೋಗುವುದು ಹೊರಟುನಿಂತ ವಿದ್ಯಾರ್ಥಿಯ ಕರ್ತವ್ಯ.

ಮೊದಲ ಪ್ರಯೋಗಕ್ಕೆ ಜಾಲವೂ ಬೇಡ. ಮನೆಯ ಅಥವಾ ಕಾಲೇಜಿನ ಗಣಕಯಂತ್ರದಲ್ಲಿ ಮೂರು ಚಿತ್ರಗಳನ್ನಿಟ್ಟು ಮೇಲಿನ ಏಳು ಆಜ್ಞೆಗಳನ್ನು ಪೈಥಾನಿನಲ್ಲಿ ಬರೆದು ನೋಡಿರಿ. ನಡುವಿನ ಚಿತ್ರವೊಂದನ್ನು ತೆಗೆದು ಮತ್ತೆ ನಡೆಸಿರಿ. ಕೊಂಡಿಗಳು ತಾವಾಗಿಯೇ ಕೂಡಿಕೊಂಡರೆ ನಿಮ್ಮ ಸ್ಕ್ರಿಪ್ಟು ಸಿದ್ಧವಾಯಿತೆಂದು ತಿಳಿಯಬಹುದು. ಇನ್ನು ಉಳಿದುದು ಚಿತ್ರ ಬರೆಯುವ ಕೆಲಸ; ಅದನ್ನು ಮಾತ್ರ ನೀವೇ ಮಾಡಬೇಕು.